ಕೋವಿಯ ಒಲವು, ಕಾಡಿನ ಋಣ
ಕೆನೆತ್ ಆಂಡರ್ಸನ್ನರ ಜೀವನಚಿತ್ರ

ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಪುಟ್ಟ ಗ್ರಾಮವು ನಮ್ಮ ಚರಿತ್ರೆಯಲ್ಲಿ ಸೊಸೆವೂರೆಂದು ಪ್ರಸಿದ್ಧವಾಗಿದೆ. ಹೊಯ್ಸಳರ ಮೂಲಪುರುಷನಾದ ಸಳನು ಗುರುವಿನ ಆಜ್ಞೆಯಂತೆ ಮೇಲೆರಗಿದ ಹುಲಿಯನ್ನು ಹೊಡೆದು ಕೆಡಹಿದನೆಂಬ ಐತಿಹ್ಯಕ್ಕೆ ಇದೇ ನೆಲೆ. ಬೇಲೂರಿನ ದೇವಾಲಯದ ಬಾಗಿಲಲ್ಲಿ ಆ ವೀರನೂ ಆ ಹುಲಿಯೂ ಇಂದಿಗೂ ಎದುರುಬದುರಾಗಿ ನಿಂತಿದ್ದಾರೆ. ಸಳನು ವಿನೋದಕ್ಕೆಂದು ಬೇಟೆಗೆ ಹೊರಟವನಲ್ಲ. ಪೂಜ್ಯರನ್ನು ಕಾಯಲೆಂದು ಕೈಯೆತ್ತಿದವನು. ಪ್ರಾಚೀನ ಕಾವ್ಯಗಳನ್ನು ತೆರೆದರೆ ಮೃಗಯೆಯ ಬೇರೆ ಮುಖಗಳೂ ಕಾಣುತ್ತವೆ. ರಾಘವಾಂಕನ ಹರಿಶ್ಚಂದ್ರನು ಬೇಟೆಗೆ ಹೊರಡುವ ಸಂಭ್ರಮವನ್ನು ಬಲ್ಲ ವಾಚಕರಿಗೆ ಅದನ್ನು ವಿವರಿಸಬೇಕಾಗಿಲ್ಲ. ಕವಿಗಳು ಹೀಗೆ ಮನಸಾರೆ ಬಣ್ಣಿಸಿದ ಬೇಟೆಯನ್ನು ನೀತಿಕಾರರು ಸಪ್ತವ್ಯಸನಗಳಲ್ಲಿ ಒಂದೆಂದು ಎಣಿಸಿದರು. ರಕ್ಷಣೆ, ವಿನೋದ, ವ್ಯಸನ ಎಂಬ ಈ ಮೂರೂ ಒಂದೇ ಆಯುಧದ ಸುತ್ತ ಹೆಣೆದುಕೊಂಡಿರುವುದು ನಮ್ಮ ಮಲೆನಾಡಿನವರಿಗೆ ಅನುಭವದ ಮಾತು.

ಕುದುರೆಮುಖದ ಮಗ್ಗುಲಿನ ಸಂಸೆ, ಕಳಸದ ಕಡೆಯ ಹಳೆಯ ಮನೆಗಳಲ್ಲಿ ಗೋಡೆಯ ಮೇಲೊಂದು ಕೋವಿ ತೂಗುತ್ತಿದ್ದುದು ಸರ್ವೇಸಾಮಾನ್ಯವಾಗಿತ್ತು. ಗದ್ದೆಗೆ ನುಗ್ಗುವ ಹಂದಿಯನ್ನೂ ತೋಟಕ್ಕೆ ಇಳಿಯುವ ಮಂಗಗಳನ್ನೂ ಬೆದರಿಸಲು ಅದು ಬೇಕು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಹೂವು ಸಲ್ಲಬೇಕು. ಚುನಾವಣೆ ಬಂತೆಂದರೆ ಅದನ್ನು ಹೊತ್ತು ಠಾಣೆಗೆ ಒಪ್ಪಿಸಿ ಬರಬೇಕು. ಅಜ್ಜನ ಕಾಲದ ಕೇಪಿನ ಕೋವಿಯನ್ನು ಎಣ್ಣೆ ಹಾಕಿ ಒರೆಸುವಾಗ ಹುಡುಗರ ಕಣ್ಣಲ್ಲಿ ಮಿಂಚುವ ಆಸೆಯನ್ನು ಹಿರಿಯರೆಲ್ಲ ಬಲ್ಲರು. ಈ ಆಸೆ ತಪ್ಪೇ? ಕೋವಿಯನ್ನು ಪ್ರೀತಿಸುವವನು ಕೊಲೆಯನ್ನೂ ಪ್ರೀತಿಸುತ್ತಾನೆಂದು ತೀರ್ಮಾನಿಸಬಹುದೇ? ಈ ಪ್ರಶ್ನೆಗೆ ತಕ್ಕ ಉತ್ತರವನ್ನು ತಮ್ಮ ಬದುಕಿನಿಂದಲೇ ಕೊಟ್ಟವರೊಬ್ಬರು ಬೆಂಗಳೂರಿನಲ್ಲಿ ಬಾಳಿ ಅಲ್ಲಿಯೇ ಕಣ್ಮುಚ್ಚಿದರು. ಅವರೇ ಬೇಟೆಗಾರರೆಂದೂ ಬೇಟೆಯ ಕಥೆಗಾರರೆಂದೂ ಹೆಸರಾದ ಕೆನೆತ್ ಆಂಡರ್ಸನ್.

ಆಂಡರ್ಸನ್ನರು ಹುಟ್ಟಿದ್ದು ೧೯೧೦ರ ಮಾರ್ಚ್ ೮ರಂದು, ಸಿಕಂದರಾಬಾದಿಗೆ ಸೇರಿದಂತಿರುವ ಬೊಲಾರಂನಲ್ಲಿ. ಅವರದು ತಲೆಮಾರುಗಳಿಂದ ಭಾರತದಲ್ಲಿಯೇ ನೆಲೆಸಿದ್ದ ಸ್ಕಾಟ್ಲೆಂಡಿನ ಮೂಲದ ಮನೆತನ. ತಂದೆ ಡಗ್ಲಸ್ ಸ್ಟುವರ್ಟ್ ಆಂಡರ್ಸನ್ನರು ಸೈನ್ಯದ ಲೆಕ್ಕಪತ್ರಗಳ ಇಲಾಖೆಯಲ್ಲಿ ಅಧಿಕಾರಿಗಳು. ಕೋವಿ ಹಿಡಿಯುವ ಮೊದಲ ಪಾಠ ಬಾಲಕ ಕೆನೆತ್‌ಗೆ ದೊರೆತದ್ದು ಈ ತಂದೆಯಿಂದಲೇ. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಬಳಿಕ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿಯೂ ಓದಿದ ತರುಣನನ್ನು ಕಾನೂನಿನ ವ್ಯಾಸಂಗಕ್ಕಾಗಿ ಎಡಿನ್‌ಬರೋ ನಗರಕ್ಕೆ ಕಳುಹಿಸಲಾಯಿತು. ಅಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ಪೂರ್ವಿಕರ ನಾಡು ಅವರಿಗೆ ಪರದೇಶವಾಯಿತು. ದಕ್ಷಿಣ ಭಾರತದ ಕಾಡುಗಳೇ ಸ್ವದೇಶವಾದವು. ಓದನ್ನು ಅರ್ಧಕ್ಕೆ ಬಿಟ್ಟು ಅವರು ಹಿಂದಿರುಗಿದರು.

ಬಳಿಕ ಅವರು ಹಿಡಿದದ್ದು ನಮ್ಮ ನಿಮ್ಮಂತಹವರ ಉದ್ಯೋಗವನ್ನೇ. ಸುಮಾರು ಹದಿನೈದು ವರ್ಷ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ದುಡಿದು, ತರುವಾಯ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಯೋಜನಾ ವಿಭಾಗದ ಹೊಣೆ ಹೊತ್ತರು. ಆಂಡರ್ಸನ್ನರು ರಾಜರ ಅತಿಥಿಯಾಗಿ ಆನೆಯ ಮೇಲೆ ಕುಳಿತು, ನೂರಾರು ಮಂದಿ ಸೋವಿ ತಂದ ಹುಲಿಯನ್ನು ಹೊಡೆದ ಬೇಟೆಗಾರರಲ್ಲ. ರಜೆ ಕೂಡಿಸಿಕೊಂಡು, ತಮ್ಮ ಹಳೆಯ ಮೋಟಾರಿನಲ್ಲಿ ಸಾಮಾನು ತುಂಬಿಕೊಂಡು, ದೊರೆತ ನಾಲ್ಕಾರು ದಿನಗಳಲ್ಲಿ ಕಾಡು ಸುತ್ತಿ, ಮತ್ತೆ ಕಚೇರಿಯ ಮೇಜಿಗೆ ಹಿಂದಿರುಗಬೇಕಾಗಿದ್ದ ನೌಕರರು. ನರಭಕ್ಷಕನ ಬೆನ್ನು ಹತ್ತಿದ್ದಾಗ ರಜೆ ಮುಗಿದುಹೋಗುವ ಸಂಕಟ ಅವರ ಬರವಣಿಗೆಯಲ್ಲಿ ತಲೆದೋರುತ್ತದೆ. ನಮ್ಮ ಮಧ್ಯಮವರ್ಗದ ಓದುಗರಿಗೆ ಅವರು ಹತ್ತಿರದವರೆನಿಸಲು ಇದೂ ಒಂದು ಕಾರಣವಿರಬಹುದು.

ಅವರ ಕೋವಿಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಅದು ಅಮೆರಿಕದ ವಿಂಚೆಸ್ಟರ್ ಕಂಪನಿಯ ೧೮೯೫ರ ಮಾದರಿಯ ರೈಫಲ್. ಪ್ರಸಿದ್ಧ ಶಸ್ತ್ರಶಿಲ್ಪಿ ಜಾನ್ ಬ್ರೌನಿಂಗ್‌ನ ರಚನೆ. ಅದಕ್ಕೆ ಬಳಸುತ್ತಿದ್ದ .೪೦೫ ಎಂಬ ತೋಟಾ ಬಳಕೆಗೆ ಬಂದದ್ದು ೧೯೦೪ರಲ್ಲಿ. ಗುಂಡಿನ ತೂಕ ೩೦೦ ಗ್ರೇನ್, ಎಂದರೆ ಸುಮಾರು ೧೯ ಗ್ರಾಂ. ಟ್ರಿಗರಿನ ಸುತ್ತಲಿನ ಲಿವರನ್ನು ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆದರೆ ಖಾಲಿ ತೋಟಾ ಹೊರಬಿದ್ದು ಹೊಸದು ನಳಿಗೆಗೆ ಏರುತ್ತದೆ. ಜೋಡುನಳಿಗೆಯ ಕೋವಿಯಲ್ಲಿ ಎರಡೇ ಈಡು. ಇದರಲ್ಲಿ ಅದಕ್ಕಿಂತ ಹೆಚ್ಚು. ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ೧೯೦೯ರಲ್ಲಿ ಆಫ್ರಿಕದ ಬೇಟೆಗೆ ಒಯ್ದದ್ದೂ ಇದೇ ಬಗೆಯ ಕೋವಿಯನ್ನು. ಹಣವಂತ ಬೇಟೆಗಾರರು ಇಂಗ್ಲೆಂಡಿನ ಬೆಲೆಬಾಳುವ ಜೋಡುನಳಿಗೆಗಳನ್ನು ಮೆಚ್ಚುತ್ತಿದ್ದ ಕಾಲದಲ್ಲಿ ಆಂಡರ್ಸನ್ನರು ಈ ಒಂಟಿ ನಳಿಗೆಯ ರೈಫಲಿಗೇ ನಿಷ್ಠರಾಗಿ ಉಳಿದರು. ಅದರ ತೂಕ, ಅದರ ಒದೆತ, ಕತ್ತಲಲ್ಲಿ ಬೆರಳಿಗೆ ಸಿಗುವ ಅದರ ಒಂದೊಂದು ಭಾಗವೂ ಅವರಿಗೆ ತಮ್ಮ ಮೈಯ ಅಂಗದಂತೆ ಪರಿಚಿತವಾಗಿತ್ತು. ಇರುಳಿನ ಬೇಟೆಗೆ ಅದರ ನಳಿಗೆಗೆ ಟಾರ್ಚನ್ನು ಬಿಗಿದುಕೊಳ್ಳುತ್ತಿದ್ದರು. ಒಳ್ಳೆಯ ಬಡಗಿ ತನ್ನ ಉಳಿಯನ್ನು ಪ್ರೀತಿಸುವಂತೆ ಅವರು ಕೋವಿಯನ್ನು ಪ್ರೀತಿಸಿದರು.

ಕಾಡಿನ ವಿದ್ಯೆ ಮಾತ್ರ ಕೋವಿಯಿಂದ ಬರುವುದಲ್ಲ. ಅದನ್ನು ಅವರಿಗೆ ಕಲಿಸಿದವರು ಕಾಡಿನ ಜನ. ಇವರಲ್ಲಿ ಬೈರನೆಂಬ ಪೂಜಾರಿ ಕುಲದವನು ಮುಖ್ಯನಾದವನು. ಹೊಗೇನಕಲ್ಲಿನ ಸಮೀಪ ಕಾವೇರಿಯನ್ನು ಸೇರುವ ಚಿನ್ನಾರ್ ಹೊಳೆಯ ದಡದಲ್ಲಿ ಒಂದು ಮುಂಜಾನೆ ಅವರಿಬ್ಬರ ಭೇಟಿಯಾಯಿತು. ಬೈರನು ಕಳ್ಳಬೇಟೆಯವನು, ಕೈಯಲ್ಲಿದ್ದುದು ಪರವಾನಗಿಯಿಲ್ಲದ, ಮದ್ದು ಜಡಿಯುವ ಹಳೆಯ ಕೋವಿ. ಆಂಡರ್ಸನ್ನರು ಅವನನ್ನು ಹಿಡಿದುಕೊಡಲಿಲ್ಲ, ಅವನಿಗೆ ಶಿಷ್ಯರಾದರು. ಹೆಜ್ಜೆಯ ಅಚ್ಚು ಎಷ್ಟು ಹೊತ್ತಿನದು, ಮಂಗ ಏತಕ್ಕೆ ಕೂಗಿತು, ನವಿಲು ಏತಕ್ಕೆ ಹಾರಿತು ಎಂಬುದನ್ನು ಓದುವ ಅಕ್ಷರಾಭ್ಯಾಸ ಅವರಿಗಾದದ್ದು ಇಂತಹವರ ಬಳಿಯಲ್ಲಿ. ಕನ್ನಡ ತಮಿಳುಗಳನ್ನು ಅವರು ಸರಾಗವಾಗಿ ಆಡುತ್ತಿದ್ದುದರಿಂದ ಹಾಡಿಯ ಜಗಲಿಯಲ್ಲಿ ಕುಳಿತು ಮಾತಾಡಲು ಅವರಿಗೆ ದುಭಾಷಿಯ ಅಗತ್ಯ ಬೀಳಲಿಲ್ಲ.

ಇಲ್ಲೊಂದು ಅನ್ಯಾಯವನ್ನೂ ನೆನೆಯಬೇಕು. ೧೮೭೮ರ ಆಯುಧ ಕಾಯಿದೆಯು ಬ್ರಿಟಿಷರ ಭಾರತದಲ್ಲಿ ದೇಶೀಯರ ಕೈಯ ಕೋವಿಗೆ ಪರವಾನಗಿಯ ಬೇಲಿ ಹಾಕಿ, ಯೂರೋಪಿಯನ್ನರಿಗೆ ಬಹಳ ಕಾಲ ವಿನಾಯಿತಿ ಕೊಟ್ಟಿತ್ತು. ಹೊಟ್ಟೆಗಾಗಿ ಜಿಂಕೆ ಹೊಡೆದ ಬೈರ ಅಪರಾಧಿ. ಗೋಡೆಗೆ ತಲೆ ಸಿಗಿಸಲೆಂದು ಹೊಡೆದ ದೊರೆ ಕ್ರೀಡಾಪಟು. ಆಂಡರ್ಸನ್ನರು ಈ ಏರ್ಪಾಟಿನ ಅನುಕೂಲವುಂಡ ಸಮಾಜದಲ್ಲಿ ಬೆಳೆದವರೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅದೇ ಸಮಾಜದ ಇತರರು ಹೆಸರನ್ನೂ ಕೇಳದೆ ಬಿಟ್ಟ ಜನರನ್ನು ಅವರು ಹೆಸರಿಟ್ಟು ಕರೆದರು, ಸ್ನೇಹಿತರೆಂದು ಬರೆದರು, ತಮ್ಮ ಗೆಲುವಿನಲ್ಲಿ ಅವರ ಪಾಲನ್ನು ಮುಚ್ಚಿಡಲಿಲ್ಲ.

ಅವರ ಕೀರ್ತಿಗೆ ಕಾರಣವಾದದ್ದು ನರಭಕ್ಷಕ ಹುಲಿ ಚಿರತೆಗಳ ಬೇಟೆ. ೧೯೩೯ರಿಂದ ೧೯೬೬ರವರೆಗೆ ಅವರು ಎಂಟು ನರಭಕ್ಷಕ ಚಿರತೆಗಳನ್ನೂ ಏಳು ನರಭಕ್ಷಕ ಹುಲಿಗಳನ್ನೂ ಹೊಡೆದರೆಂದು ಸಾಮಾನ್ಯವಾಗಿ ಲೆಕ್ಕ ಕೊಡುತ್ತಾರೆ. ಹುಲಿ ಸ್ವಭಾವತಃ ಮನುಷ್ಯನಿಂದ ದೂರ ಸರಿಯುವ ಪ್ರಾಣಿ. ಮುಪ್ಪು, ಮುರಿದ ಹಲ್ಲು, ಅಂಗಾಲಿಗೆ ನಾಟಿದ ಮುಳ್ಳುಹಂದಿಯ ಮುಳ್ಳು, ಎಲ್ಲಕ್ಕಿಂತ ಮುಖ್ಯವಾಗಿ ಗುರಿ ತಪ್ಪಿದ ಗುಂಡಿನ ಗಾಯ, ಇವು ಅದನ್ನು ಸಹಜವಾದ ಬೇಟೆಗೆ ಅಸಮರ್ಥವಾಗಿಸುತ್ತವೆ. ಓಡಲಾರದ ಹುಲಿಗೆ ಓಡಲಾರದ ಮನುಷ್ಯ ಸುಲಭದ ಆಹಾರವಾಗುತ್ತಾನೆ. ಆದ್ದರಿಂದ ಅನೇಕ ನರಭಕ್ಷಕಗಳ ಕಥೆ ಆರಂಭವಾಗುವುದು ಯಾವನೋ ಒಬ್ಬ ಅರೆಬರೆ ಬೇಟೆಗಾರನ ಆತುರದ ಈಡಿನಿಂದ. ಗಾಯಗೊಂಡ ಮೃಗವನ್ನು ಹಳುವಿನಲ್ಲಿ ಬಿಟ್ಟು ಮನೆಗೆ ಹೋಗಿ ಮಲಗಿದವನ ಸಾಲವನ್ನು ಸೌದೆಗೆ ಹೋದ ಹೆಂಗಸೋ ದನ ಕಾಯುವ ಹುಡುಗನೋ ತೀರಿಸಬೇಕಾಗುತ್ತದೆ. ಆಂಡರ್ಸನ್ನರ ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವ ಪಾಠವೆಂದರೆ ಇದು: ಗುಂಡು ಹಾರಿಸಿದವನು ಅದರ ಕೊನೆಯನ್ನು ಕಾಣುವವರೆಗೂ ಅದಕ್ಕೆ ಹೊಣೆಗಾರನು.

ಮೈಸೂರು ಗಡಿಗೆ ಹೊಂದಿದ ಜವಳಗಿರಿಯ ಹೆಣ್ಣುಹುಲಿಯ ಕಥೆ ಇದಕ್ಕೆ ನಿದರ್ಶನ. ಸಂಗಾತಿಯನ್ನು ಬೇಟೆಗಾರರ ಗುಂಡಿಗೆ ಕಳೆದುಕೊಂಡು, ತಾನೂ ಗಾಯಗೊಂಡ ಆ ಹುಲಿ ಮನುಷ್ಯರ ಮೇಲೆ ತಿರುಗಿಬಿತ್ತು. ಅನೇಕ ಪ್ರಯತ್ನಗಳು ವಿಫಲವಾದ ಮೇಲೆ ಆಂಡರ್ಸನ್ನರು ಗಂಡುಹುಲಿಯ ಕೂಗನ್ನು ಅನುಕರಿಸಿ ಕರೆದರು. ಜೊತೆಗಾರನನ್ನು ಅರಸುತ್ತಿದ್ದ ಹೆಣ್ಣುಹುಲಿ ಆ ಕೂಗಿಗೆ ಓಗೊಟ್ಟು ಬಂದು ಗುಂಡಿಗೆ ಬಲಿಯಾಯಿತು. ಊರಿನವರಿಗೆ ಹಬ್ಬ, ಬೇಟೆಗಾರನ ಮನಸ್ಸಿಗೆ ಮಾತ್ರ ನೆಮ್ಮದಿಯಿಲ್ಲ. ಒಲವಿನ ಆಸೆ ತೋರಿಸಿ ಕೊಂದೆನಲ್ಲಾ ಎಂಬ ಅಳುಕನ್ನು ಅವರು ಓದುಗರಿಂದ ಬಚ್ಚಿಡಲಿಲ್ಲ. ಕೊಲ್ಲಬೇಕಾದ ಕರ್ತವ್ಯವೂ ಕೊಂದುದರ ದುಃಖವೂ ಒಂದೇ ಎದೆಯಲ್ಲಿರಬಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಅದೇ ಗಡಿಯ ಇನ್ನೊಂದು ಊರು ಗುಮ್ಮಳಾಪುರ. ಅಲ್ಲಿನ ಚಿರತೆ ಮನೆಯ ಬಾಗಿಲನ್ನು ಕೆರೆದು, ಹುಲ್ಲಿನ ಮಾಡನ್ನು ಹರಿದು ಒಳನುಗ್ಗುವಷ್ಟು ಎದೆಗಾರಿಕೆ ಬೆಳೆಸಿಕೊಂಡಿತ್ತು. ಸೂರ್ಯಾಸ್ತದ ನಂತರ ಊರಿನಲ್ಲಿ ಒಂದು ಸದ್ದಿಲ್ಲ. ಆಂಡರ್ಸನ್ನರು ರಾತ್ರಿಗಟ್ಟಲೆ ಕಾದರು. ಮರಸು ಕೂರುವ ಕಷ್ಟವನ್ನು ಬಲ್ಲವರೇ ಬಲ್ಲರು: ಕೆಮ್ಮುವಂತಿಲ್ಲ, ಬೀಡಿ ಸೇದುವಂತಿಲ್ಲ, ಸೊಳ್ಳೆ ಕಚ್ಚಿದರೆ ಕೈಯಾಡಿಸುವಂತಿಲ್ಲ, ಕಣ್ಣು ಕತ್ತಲೆಯನ್ನು ನೋಡಿ ನೋಡಿ ಇಲ್ಲದ್ದನ್ನೆಲ್ಲ ಕಾಣತೊಡಗುತ್ತದೆ. ಒಂದು ರಾತ್ರಿ ಅವರು ಒಂಟಿ ಗುಡಿಸಲೊಂದರಲ್ಲಿ ಕಾದು ಕುಳಿತಿದ್ದಾಗ, ಊರಿನ ಬಡಕಲು ಬೀದಿನಾಯಿಯೊಂದು ಆಶ್ರಯ ಬೇಡಿ ಒಳಗೆ ಬಂದಿತು. ಅದನ್ನು ಅವರು ಓಡಿಸಲಿಲ್ಲ. ನಡುರಾತ್ರಿಯ ನಿಶ್ಶಬ್ದದಲ್ಲಿ ಮೃತ್ಯು ಸಮೀಪಿಸಿದ್ದನ್ನು ಮೊದಲು ಅರಿತು ಗುರುಗುಟ್ಟಿ ಎಚ್ಚರಿಸಿದ್ದು ಆ ನಾಯಿಯೇ. ಕ್ಷಣಮಾತ್ರದ ಆ ಮುನ್ನೆಚ್ಚರಿಕೆ ಚಿರತೆಗೆ ಕೊನೆಯಾಯಿತು, ಬೇಟೆಗಾರನಿಗೆ ಪ್ರಾಣವಾಯಿತು. ಸತ್ತ ಚಿರತೆಯ ಪಾದದಲ್ಲಿ ಮುಳ್ಳುಹಂದಿಯ ಮುಳ್ಳು ಮುರಿದು ನಿಂತಿದ್ದುದು ಕಂಡುಬಂದಿತು. ನಾಯಿಗೆ ನಿಪ್ಪರ್ ಎಂದು ಹೆಸರಿಟ್ಟು ಬೆಂಗಳೂರಿಗೆ ಕರೆದೊಯ್ದು ಸಾಕಿದರು. ಹತ್ತನೆಯ ಶತಮಾನದ ಆತಕೂರಿನ ಶಾಸನದಲ್ಲಿ, ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ನಾಯಿಗೆ ಕಲ್ಲು ನಿಲ್ಲಿಸಿದ ಕನ್ನಡದ ಮನಸ್ಸು ನಿಪ್ಪರನ ವೃತ್ತಾಂತವನ್ನು ತನ್ನದೆಂದೇ ಬಗೆಯುವುದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಚಿಕ್ಕಮಗಳೂರು ಜಿಲ್ಲೆಯೂ ಅವರ ಕಾರ್ಯಕ್ಷೇತ್ರವಾಗಿತ್ತು. ಕಡೂರು ಸೀಮೆಯ ಎಮ್ಮೆದೊಡ್ಡಿಯ ನರಭಕ್ಷಕನ ಕಥೆಯೂ ಭದ್ರಾ ತೀರದ ಲಕ್ಕವಳ್ಳಿಯ ನರಭಕ್ಷಕನ ಕಥೆಯೂ ಅವರ ಪುಸ್ತಕಗಳಲ್ಲಿವೆ. ಅವುಗಳಲ್ಲಿ ಬೇಟೆಯೊಡನೆ ನಾಡಿನ ಭೂಗೋಳವೂ ಉಳಿದುಕೊಂಡಿದೆ. ರೈಲ್ವೆ ನಿಲ್ದಾಣದಿಂದ ಹಳ್ಳಿಗೆ ಹೋಗುವ ಗಾಡಿಜಾಡು, ಅರಣ್ಯ ಇಲಾಖೆಯ ಬಂಗಲೆ, ಪಟೇಲ, ಗಾರ್ಡು, ಭಯದಿಂದ ಬೀಡುಬಿಟ್ಟ ಊರು, ಇವೆಲ್ಲವನ್ನೂ ಅವರು ದಾರಿಹೋಕನ ಕಣ್ಣಿನಿಂದಲ್ಲದೆ ಒಕ್ಕಲಿನವನ ಅಕ್ಕರೆಯಿಂದ ಬರೆದರು.

ಇಷ್ಟಾದರೂ ಅವರನ್ನು ಚೆನ್ನಾಗಿ ತಿಳಿಯಲು ಹುಲಿಯ ಕಥೆಗಿಂತ ಒಂದು ಕರಡಿಯ ಕಥೆಯೇ ಹೆಚ್ಚು ಸಹಾಯಕ. ಮೈಸೂರಿನ ಬಳಿ ಕಬ್ಬಿನ ಗದ್ದೆಗಳಿಂದ ಕಾಡುಹಂದಿಗಳನ್ನು ಓಡಿಸುತ್ತಿದ್ದ ದಿನವೊಂದರಲ್ಲಿ ಕರಡಿಯೊಂದು ಹೊರಬಂದಿತು. ಅದು ಯಾರಿಗೂ ಏನೂ ಮಾಡಿರಲಿಲ್ಲ. ಜೊತೆಯಲ್ಲಿದ್ದವನೊಬ್ಬನು ನಿಷ್ಕಾರಣವಾಗಿ ಅದಕ್ಕೆ ಗುಂಡು ಹಾರಿಸಿಬಿಟ್ಟನು. ಹತ್ತಿರ ಹೋಗಿ ನೋಡಿದರೆ ತಾಯಿಯ ಬೆನ್ನಿಗೆ ಅಂಟಿಕೊಂಡು ಒಂದು ಮರಿ ಗೋಳಾಡುತ್ತಿದೆ! ಆಂಡರ್ಸನ್ನರು ಆ ಮರಿಯನ್ನು ಹಿಡಿದು ತಂದು ಹೆಂಡತಿಯ ಕೈಗಿತ್ತರು. ಬ್ರೂನೋ ಎಂಬ ಹೆಸರು ಪಡೆದು ಅದು ಮನೆಯ ಮಗುವಿನಂತೆ ಬೆಳೆಯಿತು. ಒಮ್ಮೆ ಇಲಿಯ ಪಾಷಾಣ ತಿಂದು ಸಾವಿನ ಬಾಗಿಲಿಗೆ ಹೋಗಿ ಬಂದಿತು. ಮತ್ತೊಮ್ಮೆ ಹಳೆಯ ಎಂಜಿನ್ ಎಣ್ಣೆಯನ್ನು ಕುಡಿದು ಏನೂ ಆಗದವರಂತೆ ತಿರುಗಾಡಿತು. ದೊಡ್ಡದಾದ ಮೇಲೆ ಮೈಸೂರಿನ ಮೃಗಾಲಯಕ್ಕೆ ಕಳುಹಿಸಿದರೆ ಅಲ್ಲಿ ಅದೂ ಕೊರಗಿತು, ಇಲ್ಲಿ ಮನೆಯಾಕೆಯೂ ಕೊರಗಿದರು. ಕೊನೆಗೆ ಅದನ್ನು ಹಿಂದಕ್ಕೆ ತಂದು, ಮನೆಯ ಅಂಗಳದಲ್ಲಿ ಕಂದಕ ತೋಡಿಸಿ, ನಡುವೆ ದ್ವೀಪದಂತಹ ನೆಲೆಯೊಂದನ್ನು ಕಟ್ಟಿಕೊಟ್ಟರು. ನಮ್ಮ ಶಾಲೆಗಳ ಮಕ್ಕಳು ಒಂಬತ್ತನೆಯ ತರಗತಿಯ ಇಂಗ್ಲಿಷ್ ಪಾಠವಾಗಿ ಅನೇಕ ವರ್ಷ ಓದಿದ ಕಥೆ ಇದು. ಓದಿ ನಗುವ ಮಕ್ಕಳು ಮೊದಲ ಪುಟದ ಆ ವ್ಯರ್ಥವಾದ ಗುಂಡನ್ನು ಮರೆಯಬಾರದು. ಒಬ್ಬನ ಕೈಚಪಲದ ಋಣವನ್ನು ಇನ್ನೊಂದು ಮನೆಯವರು ವರ್ಷಗಳ ಕಾಲ ಹಾಲುಣಿಸಿ ತೀರಿಸಿದರು.

ಅವರ ಮೊದಲ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾದದ್ದು ೧೯೫೪ರಲ್ಲಿ. ಕುಮಾವೂನಿನ ನರಭಕ್ಷಕಗಳನ್ನು ಕುರಿತ ಜಿಮ್ ಕಾರ್ಬೆಟ್ಟರ ಗ್ರಂಥ ಅದಕ್ಕೆ ಹತ್ತು ವರ್ಷ ಮೊದಲು ಹೊರಬಂದು ಲೋಕಪ್ರಸಿದ್ಧವಾಗಿತ್ತು. ಕಾರ್ಬೆಟ್ಟರ ಗದ್ಯದ ಬಿಗಿ ಆಂಡರ್ಸನ್ನರಲ್ಲಿಲ್ಲ. ಅವರದು ಬೆಂಕಿಯ ಮುಂದೆ ಕುಳಿತು ಹೇಳುವವನ ಧಾಟಿ: ದಾರಿ ಬಿಟ್ಟು ದಾರಿ ಹಿಡಿದು, ಮಾಟ ಮಂತ್ರ ನಾರುಬೇರುಗಳ ಸುದ್ದಿಯನ್ನೂ ಹಾವು ಕರಡಿಗಳ ತಮಾಷೆಯನ್ನೂ ನಡುವೆ ತಂದು, ಮತ್ತೆ ಹುಲಿಯ ಹೆಜ್ಜೆಗೆ ಮರಳುವ ರೀತಿ. ಅವರು ಹೇಳಿದ್ದೆಲ್ಲವೂ ನಡೆದದ್ದೇ, ಅಥವಾ ಕಥನದ ಸೊಗಸಿಗೆಂದು ಬಣ್ಣ ಬೆರೆತಿದೆಯೇ ಎಂದು ಕೇಳಿದ ಓದುಗರುಂಟು. ಪ್ರಶ್ನೆ ಸಾಧುವಾದದ್ದೇ, ಬೇಟೆಗಾರನ ಕಥೆಯಲ್ಲಿ ಹುಲಿಗೆ ಒಂದು ಗೇಣು ಹೆಚ್ಚಾಗುವುದು ಲೋಕರೂಢಿ. ಆದರೆ ಕಾಡಿನ ವಾಸನೆಯನ್ನೂ ಭಯದ ರುಚಿಯನ್ನೂ ಕಲ್ಪನೆಯೊಂದರಿಂದಲೇ ತರಲಾಗದೆಂಬುದನ್ನು ಕಾಡಿನ ಅಂಚಿನಲ್ಲಿ ಬೆಳೆದವರು ಒಪ್ಪುತ್ತಾರೆ.

ವಯಸ್ಸು ಮಾಗಿದಂತೆ ಅವರ ಒಲವೂ ಮಾಗಿತು. ಯೌವನದಲ್ಲಿ ವಿನೋದಕ್ಕಾಗಿಯೂ ಬೇಟೆಯಾಡಿದವರು ಮುಂದೆ ಜನರ ಪ್ರಾಣಕ್ಕೋ ದನಕರುಗಳಿಗೋ ಕಂಟಕವಾದ ಮೃಗವನ್ನುಳಿದು ಬೇರೆಯವಕ್ಕೆ ಗುರಿಯಿಡಲು ಹಿಂಜರಿದರು. ಕ್ಯಾಮೆರಾ ಕೋವಿಯ ಪಕ್ಕಕ್ಕೆ ಬಂದಿತು. ಸ್ವಾತಂತ್ರ್ಯಾನಂತರದ ವರ್ಷಗಳಲ್ಲಿ ಜೀಪುಗಳಲ್ಲಿ ಕುಳಿತು, ಬೆಳಕು ಬಿಟ್ಟು ಕಣ್ಣು ಕೋರೈಸಿ, ರಾತ್ರಿಯಲ್ಲಿ ಕಂಡದ್ದನ್ನೆಲ್ಲ ಹೊಡೆದುರುಳಿಸುವವರ ಹಾವಳಿ ಹೆಚ್ಚಿದಾಗ ಅವರು ತಮ್ಮ ಪುಸ್ತಕಗಳಲ್ಲಿ ಅದನ್ನು ಕಟುವಾಗಿ ಖಂಡಿಸಿದರು. ಕಾಯುವ ತಾಳ್ಮೆಯಿಲ್ಲದ, ಹೆಜ್ಜೆ ಓದುವ ವಿದ್ಯೆಯಿಲ್ಲದ, ಎದುರಾಳಿಗೆ ಅವಕಾಶವನ್ನೇ ಕೊಡದ ಈ ಕೆಲಸಕ್ಕೆ ಬೇಟೆಯೆಂಬ ಹೆಸರೂ ಸಲ್ಲದೆಂಬುದು ಅವರ ನಿಲುವು. ಕಾಡುಗಳು ಬರಿದಾಗುತ್ತಿರುವುದನ್ನು ಕಂಡು ಮರುಗಿದ ಅವರ ಜೀವಿತಕಾಲದಲ್ಲಿಯೇ ಕಾನೂನು ಕಣ್ತೆರೆಯಿತು. ೧೯೭೦ರಲ್ಲಿ ಹುಲಿಯ ಬೇಟೆ ನಿಷಿದ್ಧವಾಯಿತು. ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ೧೯೭೩ರ ಏಪ್ರಿಲ್ ೧ರಂದು ಹುಲಿ ಯೋಜನೆ ಆರಂಭವಾಗಿ ನಮ್ಮ ಬಂಡೀಪುರವೂ ಅದರಲ್ಲಿ ಸೇರಿತು. ಮರುವರ್ಷ, ೧೯೭೪ರ ಆಗಸ್ಟ್ ೩೦ರಂದು, ತಮ್ಮ ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಆಂಡರ್ಸನ್ನರು ಅರ್ಬುದ ರೋಗದಿಂದ ತೀರಿಕೊಂಡರು. ಅವರ ಕೊನೆಯ ಬೇಟೆಯ ಪುಸ್ತಕ ಬೆಳಕು ಕಂಡದ್ದು ೧೯೭೬ರಲ್ಲಿ. ಕೋವಿಯ ಹುಚ್ಚು ಮಗ ಡೊನಾಲ್ಡರಿಗೂ ಹರಿದುಬಂದಿತ್ತು. ಅವರು ೨೦೧೪ರಲ್ಲಿ ಬೆಂಗಳೂರಿನಲ್ಲಿಯೇ ನಿಧನರಾದರು.

ಆಂಡರ್ಸನ್ನರು ಇಂಗ್ಲಿಷಿನಲ್ಲಿ ಬರೆದರೂ ಕನ್ನಡ ನಾಡಿನಲ್ಲಿ ಅವರಿಗೆ ಎರಡನೆಯ ಜನ್ಮ ದೊರೆತದ್ದು ಮೂಡಿಗೆರೆಯಿಂದ. ಕಾಫಿ ತೋಟದ ನಡುವೆ ಬಾಳಿದ ಪೂರ್ಣಚಂದ್ರ ತೇಜಸ್ವಿಯವರು ೧೯೯೦ರ ದಶಕದಲ್ಲಿ ಆ ಕಥೆಗಳನ್ನು ಕಾಡಿನ ಕತೆಗಳು ಎಂಬ ಮಾಲೆಯಾಗಿ ನಾಲ್ಕು ಸಂಪುಟಗಳಲ್ಲಿ ಕನ್ನಡಕ್ಕೆ ತಂದರು. ಬೆಳ್ಳಂದೂರು, ಪೆದ್ದಚೆರುವು, ಜಾಲಹಳ್ಳಿ, ಮಾಗಡಿಗಳ ಹೆಸರು ಹೊತ್ತ ಆ ಪುಸ್ತಕಗಳನ್ನು ಓದದ ಹೈಸ್ಕೂಲು ಹುಡುಗರು ಮಲೆನಾಡಿನಲ್ಲಿ ವಿರಳ. ತೇಜಸ್ವಿಯವರೂ ಕೋವಿ ಹಿಡಿದು ಕಾಡು ಸುತ್ತಿ, ಬಳಿಕ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಹೊರಟವರು. ತನ್ನಂತೆಯೇ ನಡೆದುಹೋದ ಹಿರಿಯನೊಬ್ಬನ ದಾರಿಯನ್ನು ಅವರು ಗುರುತಿಸಿದ್ದರಲ್ಲಿ ಅಚ್ಚರಿಯೇನು? ಕಾಡುಜನರ ಕನ್ನಡ, ತಮಿಳು ಮಾತುಗಳು ಇಂಗ್ಲಿಷಿಗೆ ಹೋಗಿ ಮತ್ತೆ ಕನ್ನಡಕ್ಕೆ ಬಂದಾಗ ಪರಕೀಯವೆನಿಸದಿದ್ದುದೇ ಆ ಅನುವಾದದ ಗೆಲುವು.

ಇಂದು ಮಲೆನಾಡಿನ ಗೋಡೆಗಳ ಕೋವಿಗಳು ಬಹುಮಟ್ಟಿಗೆ ಮೌನವಾಗಿವೆ. ಬೆಳೆ ಕಾಯುವ ಕೋವಿಗೆ ಪರವಾನಗಿಯುಂಟು. ಮೃಗಯಾವಿನೋದಕ್ಕೆ ಕಾನೂನಿನಲ್ಲಿ ಎಡೆಯಿಲ್ಲ. ಗುರಿಯ ಚಪಲವಿರುವ ತರುಣರಿಗೆ ಕಾಗದದ ಗುರಿಯೂ ಸ್ಪರ್ಧೆಯ ಅಂಗಣವೂ ಇವೆ. ಉಸಿರು ಹಿಡಿದು, ಮನಸ್ಸನ್ನು ಒಂದು ಬಿಂದುವಿನಲ್ಲಿ ನಿಲ್ಲಿಸುವ ಆನಂದ ಅಲ್ಲಿಯೂ ಕಡಿಮೆಯಿಲ್ಲ. ಆಯುಧದ ಮೇಲಿನ ಪ್ರೀತಿಯನ್ನು ಬೈದು ಬಿಡಿಸಲಾಗದು. ಅದಕ್ಕೆ ಹೊಣೆಯನ್ನು ಕಲಿಸಬಹುದು. ಆಂಡರ್ಸನ್ನರು ಅರವತ್ತು ವರ್ಷಗಳ ಬಾಳಿನಲ್ಲಿ ಅದನ್ನು ಕಲಿತರು, ಕಲಿತದ್ದನ್ನು ಬರೆದಿಟ್ಟರು. ಅವರು ಒಂದು ಕಾಲದಲ್ಲಿ ನರಭಕ್ಷಕನನ್ನು ಅರಸಿ ಅಲೆದ ಲಕ್ಕವಳ್ಳಿಯ ಕಾಡು ೧೯೯೮ರಲ್ಲಿ ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿತು. ಅಲ್ಲಿ ಈಗ ಹುಲಿಯ ಹೆಜ್ಜೆ ಕಂಡರೆ ಅರಣ್ಯ ಪಾಲಕರು ಅದನ್ನು ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.